ಮಿಷಿಗನ್ ಸರೋವರಕ್ಕೆ ಸಾಲ್ಮನ್ ಬಂದ ಕಥೆ

ಅಮೆರಿಕದ ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯಲು ಹೊರಟ ಹೊಸಬನಿಗೆ ಬಂದರಿನ ಹಳಬರು ಕೊಡುವ ಬುದ್ಧಿಮಾತು ಒಂದೆರಡಲ್ಲ. ಬೆಳಕು ಹರಿಯುವ ಮೊದಲೇ ನೀರಿಗಿಳಿ. ಮೇಲಿನ ನೀರು ಬಿಡು, ಕೆಳಗಿನ ನೀರು ಎಷ್ಟು ತಣ್ಣಗಿದೆ ನೋಡು. ದೋಣಿಯನ್ನು ನೇರ ಓಡಿಸಬೇಡ, ಅಂಕುಡೊಂಕಾಗಿ ನಡೆಸು. ಮೀನು ಕಚ್ಚಿತೆಂದು ಎಂಜಿನ್ ಆರಿಸಬೇಡ. ಕೇಳಿದರೆ ತಲೆಮಾರುಗಳಿಂದ ಇಳಿದು ಬಂದ ವಿದ್ಯೆ ಅನ್ನಿಸುತ್ತದೆ. ಆದರೆ ಇದರ ಬಹುಪಾಲು ವಿದ್ಯೆಗೆ ವಯಸ್ಸು ಸುಮಾರು ಅರವತ್ತು ವರ್ಷ, ಅಷ್ಟೇ. 1966ರ ವಸಂತಕ್ಕೆ ಮೊದಲು ಆ ಸರೋವರದಲ್ಲಿ ಹಿಡಿಯಲು ಸಾಲ್ಮನ್ನೇ ಇರಲಿಲ್ಲ. ಸರ್ಕಾರಿ ಇಲಾಖೆಯೊಂದು ಅದನ್ನು ಬಕೆಟ್‌ಗಳಲ್ಲಿ ತಂದು ಸುರಿಯಿತು.

ಸರೋವರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಆಚೆ ದಡ ಕಾಣುವ ಕೆರೆ. ಇದು ಹಾಗಲ್ಲ. ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹತ್ತರಲ್ಲಿ ಮೂರು ಪಾಲು. ಅತಿ ಆಳದ ಜಾಗದಲ್ಲಿ 281 ಮೀಟರ್ ನೀರು. ಅಲೆ, ಬಿರುಗಾಳಿ, ದೀಪಸ್ತಂಭ ಎಲ್ಲವೂ ಇರುವ ಈ ಸಿಹಿನೀರಿನ ಕಡಲಿಗೆ ಉಪ್ಪುನೀರಿನ ಮೀನುಗಳು ಬರದಂತೆ ಸಾವಿರಾರು ವರ್ಷ ತಡೆದು ನಿಂತದ್ದು ನಯಾಗರಾ ಜಲಪಾತ.

ಮನುಷ್ಯ ಅದಕ್ಕೊಂದು ಅಡ್ಡದಾರಿ ಮಾಡಿದ. ಹಡಗುಗಳು ಜಲಪಾತವನ್ನು ಬಳಸಿ ಮೇಲೇರಲೆಂದು ಕೆನಡಾದಲ್ಲಿ ತೋಡಿದ ವೆಲ್ಯಾಂಡ್ ಕಾಲುವೆ 1829ರಲ್ಲಿ ತೆರೆಯಿತು. ಮುಂದೆ ಅದನ್ನು ಅಗಲಿಸಿದರು, ಆಳ ಮಾಡಿದರು. ಹಡಗುಗಳ ದಾರಿಯಲ್ಲೇ ಲ್ಯಾಂಪ್ರೇ ಎಂಬ ಪರೋಪಜೀವಿಯೂ ಬಂತು. ಮೈ ಹಾವುಮೀನಿನದು. ದವಡೆ ಎಂಬುದಿಲ್ಲ, ಬಾಯಿ ಅಂದರೆ ಸುತ್ತ ಹಲ್ಲು ತುಂಬಿದ ಒಂದು ದುಂಡು ಬಟ್ಟಲು. ಜಿಗಣೆಯ ಹಾಗೆ ದೊಡ್ಡ ಮೀನಿನ ಪಕ್ಕೆಗೆ ಕಚ್ಚಿಕೊಂಡು, ನಾಲಗೆಯಿಂದ ತೂತು ಕೊರೆದು ರಕ್ತ ಹೀರುತ್ತದೆ. ಒಂದೊಂದು ಲ್ಯಾಂಪ್ರೇ ತನ್ನ ಜೀವಮಾನದಲ್ಲಿ 18 ಕಿಲೋವರೆಗೆ ಮೀನನ್ನು ಬಲಿ ತೆಗೆದುಕೊಳ್ಳಬಲ್ಲದು. 1921ರಲ್ಲಿ ಈರಿ ಸರೋವರದಲ್ಲಿ ಕಂಡ ಈ ಜೀವಿ 1936ರ ಹೊತ್ತಿಗೆ ಮಿಷಿಗನ್ ಸರೋವರ ಮುಟ್ಟಿತ್ತು. ಅಲ್ಲಿಯ ರಾಜನಾಗಿದ್ದ ಲೇಕ್ ಟ್ರೌಟ್ 1950ರ ದಶಕದ ನಡುವಿಗೆ ಸರೋವರದಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. ಬಲೆಯವರು ಹಿಡಿದದ್ದೂ ಕಡಿಮೆಯೇನಲ್ಲ. ಎರಡೂ ಸೇರಿ ಅದರ ಕಥೆ ಮುಗಿಸಿದವು.

ಹಿಂದೆಯೇ ಅಟ್ಲಾಂಟಿಕ್‌ನಿಂದ ಇನ್ನೊಬ್ಬ ಅತಿಥಿ ಬಂದ. ಏಲ್‌ವೈಫ್ ಎಂಬ ಗೇಣುದ್ದದ ಬೆಳ್ಳಿ ಮೀನು, ನಮ್ಮ ಬೂತಾಯಿಯ ದೂರದ ನೆಂಟ. 1949ರಲ್ಲಿ ಮಿಷಿಗನ್ ಸರೋವರದಲ್ಲಿ ಮೊದಲ ಬಾರಿ ಸಿಕ್ಕಿತು. ತಿನ್ನುವ ದೊಡ್ಡ ಮೀನೇ ಇಲ್ಲದ ಮೇಲೆ ಕೇಳಬೇಕೆ? ಹದಿನೈದೇ ವರ್ಷದಲ್ಲಿ ಸರೋವರದ ಮೀನಿನ ಒಟ್ಟು ತೂಕದಲ್ಲಿ ಅದರದೇ ಸಿಂಹಪಾಲಾಯಿತು. ನೀರಿನ ಬಿಸಿ ಏರಿಳಿದರೆ ತಡೆಯಲಾರದ ಜಾತಿ. 1967ರ ಬೇಸಿಗೆಯಲ್ಲಿ ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿತ್ತು. ಷಿಕಾಗೊ ನಗರದ ಕಡಲತೀರದಂಥ ಮರಳ ದಂಡೆಗಳಿಗೆ ಬುಲ್ಡೋಜರ್ ತಂದು ಸತ್ತ ಮೀನು ಬಾಚಬೇಕಾಯಿತು. ನಾತಕ್ಕೆ ಹೆದರಿ ಪ್ರವಾಸಿಗರು ಆ ಕಡೆ ಸುಳಿಯಲಿಲ್ಲ.

ಲ್ಯಾಂಪ್ರೇಗೆ ಮದ್ದು ಅಷ್ಟರಲ್ಲಿ ಸಿಕ್ಕಿತ್ತು. ಮಿಷಿಗನ್ ರಾಜ್ಯದ ಹ್ಯಾಮಂಡ್ ಬೇ ಪ್ರಯೋಗಾಲಯದಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಸಂಗಡಿಗರು ಗಾಜಿನ ಜಾಡಿಗಳಲ್ಲಿ ಲ್ಯಾಂಪ್ರೇ ಮರಿಗಳನ್ನೂ ಬೇರೆ ಮೀನುಗಳನ್ನೂ ಒಟ್ಟಿಗೆ ಬಿಟ್ಟು, ಒಂದಾದ ಮೇಲೊಂದರಂತೆ ಸುಮಾರು 6,000 ರಾಸಾಯನಿಕಗಳನ್ನು ಪರೀಕ್ಷಿಸಿದರು. ಲ್ಯಾಂಪ್ರೇ ಮಾತ್ರ ಸತ್ತು ಉಳಿದ ಮೀನು ಬದುಕಬೇಕು, ಅದು ಲೆಕ್ಕ. ಕೊನೆಗೆ ಟಿಎಫ್ಎಂ ಎಂಬ ರಾಸಾಯನಿಕ ಒದಗಿತು. 1958ರಿಂದ ಅದನ್ನು ಲ್ಯಾಂಪ್ರೇ ಮೊಟ್ಟೆಯಿಡುವ ತೊರೆಗಳಿಗೆ ಬಿಡತೊಡಗಿದರು. ಈ ಕೆಲಸ ಇವತ್ತಿಗೂ ನಿಂತಿಲ್ಲ. ನಿಲ್ಲಿಸಿದರೆ ಲ್ಯಾಂಪ್ರೇ ಮತ್ತೆ ಏಳುತ್ತದೆ. ಸಾಲ್ಮನ್ ಕಥೆಯ ನಿಜವಾದ ನಾಯಕರು ಈ ಜಾಡಿಯವರು ಎಂದೇ ನನ್ನ ಅಭಿಪ್ರಾಯ. ಹೆಸರು ಬಂದದ್ದು ಬೇರೆಯವರಿಗೆ.

ಆ ಬೇರೆಯವರು ಹೋವರ್ಡ್ ಟ್ಯಾನರ್. 1964ರಲ್ಲಿ ಮಿಷಿಗನ್ ರಾಜ್ಯದ ಮೀನು ವಿಭಾಗದ ಮುಖ್ಯಸ್ಥರಾದರು. ಏಲ್‌ವೈಫ್ ಹಿಡಿದು ಮೀನುಹಿಟ್ಟು ಮಾಡೋಣ ಎನ್ನುತ್ತಿದ್ದವರು ಒಂದು ಕಡೆ. ಈ ಮೀನೆಲ್ಲ ಮೇವು, ಇದನ್ನು ಮೇಯುವ ಆಟದ ಮೀನು ತಂದರೆ ಲಕ್ಷಾಂತರ ಜನ ಗಾಳ ಹಿಡಿದು ಬರುತ್ತಾರೆ ಎಂದ ಟ್ಯಾನರ್ ಇನ್ನೊಂದು ಕಡೆ. ಅದೇ ಹೊತ್ತಿಗೆ ಪೆಸಿಫಿಕ್ ತೀರದ ಆರೆಗಾನ್ ರಾಜ್ಯದಲ್ಲಿ ಮರಿಗಳಿಗೆ ಹೊಸ ಬಗೆಯ ತೇವದ ಆಹಾರ ಕಂಡುಹಿಡಿದಿದ್ದರಿಂದ ಕೋಹೊ ಸಾಲ್ಮನ್ ಸಾಕಣೆ ಕೈಹಿಡಿದು, ಮೊಟ್ಟೆ ಮಿಕ್ಕುವಷ್ಟಾಗಿತ್ತು. ಅಲ್ಲಿಂದ ಹತ್ತು ಲಕ್ಷ ಮೊಟ್ಟೆ ಬಂತು. ಒಂದೂವರೆ ವರ್ಷ ಸಾಕಿದ ಮೇಲೆ, 1966ರ ಏಪ್ರಿಲ್ 2ರಂದು ಪ್ಲಾಟ್ ನದಿಯಲ್ಲಿ ಬಂಗಾರದ ಬಣ್ಣ ಬಳಿದ ಬಕೆಟ್ಟಿನಿಂದ ಮೊದಲ ಮರಿಗಳನ್ನು ಬಿಟ್ಟರು. ಆ ವಸಂತದಲ್ಲಿ ಮೂರು ನದಿಗಳಿಗೆ ಬಿದ್ದ ಮರಿಗಳು ಸುಮಾರು ಎಂಟೂವರೆ ಲಕ್ಷ. ಮರುವರ್ಷ ಇನ್ನೂ ದೊಡ್ಡ ಜಾತಿಯಾದ ಚಿನೂಕ್ ಕೂಡ ಬಂತು. ಮಿಷಿಗನ್ನಿನಲ್ಲಿ ಈವರೆಗೆ ಗಾಳಕ್ಕೆ ಸಿಕ್ಕ ಅತಿ ಭಾರದ ಚಿನೂಕ್ 21.7 ಕಿಲೋ. 2021ರ ಆಗಸ್ಟ್‌ನಲ್ಲಿ ಲಡಿಂಗ್ಟನ್ ಊರಿನಾಚೆ ಹತ್ತೊಂಬತ್ತರ ಹುಡುಗನೊಬ್ಬ ಎಳೆದದ್ದು.

1967ರ ಶರತ್ಕಾಲದಲ್ಲಿ ಆ ಮೊದಲ ಕೋಹೊ ಮರಿಗಳು ಕೊಬ್ಬಿದ ಮೀನಾಗಿ, ತಾವು ಬಿಟ್ಟ ನದಿಯ ವಾಸನೆ ಹಿಡಿದು ದಡಕ್ಕೆ ಬಂದವು. ಮ್ಯಾನಿಸ್ಟಿ, ಫ್ರಾಂಕ್‌ಫರ್ಟ್‌ನಂಥ ಪುಟ್ಟ ಊರುಗಳಿಗೆ ಜನ ಮುಗಿಬಿದ್ದರು. ಒಳನಾಡಿನ ಕೊಳಗಳಲ್ಲಿ ತೇಲಿಸುವ ಪುಟ್ಟ ದೋಣಿ, ಕ್ಯಾನೊ ಎಲ್ಲವೂ ದೊಡ್ಡ ನೀರಿಗಿಳಿದವು. ಸೆಪ್ಟೆಂಬರ್ 23ರಂದು ಗಾಳಿಯ ಮುನ್ನೆಚ್ಚರಿಕೆಯನ್ನು ಲೆಕ್ಕಿಸದೆ ಹೋದವರ ಮೇಲೆ ಬಿರುಗಾಳಿ ಎರಗಿತು. ಏಳು ಜನ ಸತ್ತರು. ಬಂದರಿನ ಹಳಬರು ಇವತ್ತಿಗೂ ಹೊಸಬನ ಗಾಳದ ಕೋಲು ನೋಡುವ ಮೊದಲು ದೋಣಿಯ ಉದ್ದ ನೋಡುವುದು ಸುಮ್ಮನಲ್ಲ.

ಈಗ ಅವರ ವಿದ್ಯೆಗೆ ಬರೋಣ. ಟ್ರೋಲಿಂಗ್ ಅಂದರೆ ಗಾಳಗಳನ್ನು ನೀರಲ್ಲಿ ಬಿಟ್ಟು ನಿಧಾನವಾಗಿ ದೋಣಿ ನಡೆಸುವುದು. ಮಲ್ಪೆಯ ಟ್ರಾಲ್ ಬೋಟಿನ ಬಲೆಯ ಕೆಲಸ ಬೇರೆ, ಇದು ಬೇರೆ. ಬೇಸಿಗೆಯಲ್ಲಿ ಸರೋವರದ ಮೇಲಿನ ನೀರು 20 ಡಿಗ್ರಿ ದಾಟುತ್ತದೆ. ಅದರಡಿಯಲ್ಲಿ ಒಂದು ಆಳದಲ್ಲಿ ದಿಢೀರನೆ ತಣ್ಣನೆಯ ಪದರ. ಚಿನೂಕ್ ಇಷ್ಟಪಡುವುದು 10ರಿಂದ 13 ಡಿಗ್ರಿ. ಅದು ಸಿಗುವುದು ಒಮ್ಮೆ 40 ಅಡಿಯಲ್ಲಿ, ಒಮ್ಮೆ 90 ಅಡಿಯಲ್ಲಿ. ಮೇಲೆ ತೇಲುವ ಗಾಳ ಅಲ್ಲಿಗೆ ಮುಟ್ಟುವುದಿಲ್ಲ. ಲೇಕ್ ಟ್ರೌಟ್ ಹಿಡಿಯುತ್ತಿದ್ದ ಹಳೆಯ ಕಾಲದವರು ತಾಮ್ರದ ತಂತಿಯನ್ನು ಕೈಯಲ್ಲೇ ಎಳೆಯುತ್ತಿದ್ದರು. ಸಾಲ್ಮನ್ ಬಂದ ಮೇಲೆ ದೋಣಿಗಳ ಹಿಂಬದಿಗೆ ಡೌನ್‌ರಿಗ್ಗರ್ ಏರಿತು.

ಅದು ಒಂದು ರಾಟೆ, ಸಣ್ಣ ಉಕ್ಕಿನ ತಂತಿ, ತುದಿಯಲ್ಲಿ ನಾಲ್ಕೈದು ಕಿಲೋ ತೂಗುವ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಇಳಿಸುತ್ತಾರೆ. ರಾಟೆಯ ಮೇಲಿನ ಅಂಕಿ ಆಳ ತೋರಿಸುತ್ತದೆ. ದಾರ ಬಿಗಿದು ಗಾಳದ ಕೋಲು ಬಿಲ್ಲಾಗಿ ಬಾಗುತ್ತದೆ. ಮೀನು ಕಚ್ಚಿ ಎಳೆದರೆ ಕ್ಲಿಪ್ ಬಿಡುತ್ತದೆ. ಬಾಗಿದ ಕೋಲು ಟಣ್ಣನೆ ನೆಟ್ಟಗಾಗಿ ಮರುಕ್ಷಣ ನೀರಿನ ಕಡೆ ಬಗ್ಗುತ್ತದೆ. ಆ ನಡುವಿನ ಸಡಿಲು ದಾರವನ್ನು ಎಷ್ಟು ಬೇಗ ಸುತ್ತಿಕೊಳ್ಳುತ್ತೀರೋ ಅಷ್ಟೂ ಮೀನು ನಿಮ್ಮದು. ದೋಣಿ ನಿಲ್ಲಿಸಬಾರದು ಅನ್ನುವುದು ಇದಕ್ಕೇ. ನಿಂತರೆ ದಾರ ಸಡಿಲುತ್ತದೆ, ಉಳಿದ ಗಾಳಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ.

ವೇಗ ಗಂಟೆಗೆ ಮೂರೂವರೆಯಿಂದ ಐದು ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವಷ್ಟು. ಮೇಲಿನ ಪ್ರವಾಹವೇ ಬೇರೆ, ಕೆಳಗಿನದೇ ಬೇರೆ ಆದ್ದರಿಂದ ಮೇಲಿನ ಮೀಟರ್ ನಂಬಿ ಕೂತರೆ ಕೆಲಸ ಕೆಡುತ್ತದೆ. ಅದಕ್ಕೇ ಅಂಕುಡೊಂಕು. ತಿರುಗುವಾಗ ಹೊರಬದಿಯ ಗಾಳ ಜೋರಾಗಿ ಓಡುತ್ತದೆ, ಒಳಬದಿಯದು ತಗ್ಗಿ ನಿಧಾನವಾಗುತ್ತದೆ. ಹೊರಬದಿಗೆ ಕಚ್ಚಿದರೆ ವೇಗ ಹೆಚ್ಚಿಸಿ. ಒಳಬದಿಗೆ ಕಚ್ಚಿದರೆ ಇಳಿಸಿ. ಮೀನನ್ನೇ ಕೇಳಿ ತಿಳಿದುಕೊಳ್ಳುವ ಈ ಉಪಾಯ ಯಾವ ಯಂತ್ರಕ್ಕೂ ಕಡಿಮೆಯಿಲ್ಲ. ನಸುಕಿಗೆ ಮೊದಲು ಟಾರ್ಚ್ ಬೆಳಕು ತಾಗಿಸಿದರೆ ಹೊಳೆಯುವ ಬಣ್ಣದ, ಚಮಚದಾಕಾರದ ತಗಡಿನ ಗಾಳ ಒಳ್ಳೆಯದು. ವಸಂತದಲ್ಲಿ ಕೋಹೊಗೆ ಕಿತ್ತಳೆ, ಕೆಂಪು. ಇನ್ನು ಗಾಳಿ: ಪೂರ್ವದ ದಡದಲ್ಲಿ ಒಂದೆರಡು ದಿನ ಉತ್ತರದಿಂದಲೋ ಪೂರ್ವದಿಂದಲೋ ಗಾಳಿ ಬೀಸಿದರೆ ಬೆಚ್ಚನೆಯ ನೀರು ಆಚೆ ಸರಿದು, ತಳದ ತಣ್ಣೀರು ದಡಕ್ಕೇ ಬರುತ್ತದೆ. ಈಜುವವರು ಚಳಿಗೆ ಓಡುತ್ತಾರೆ, ಗಾಳದವರು ಓಡಿಬರುತ್ತಾರೆ.

ಇದೇ ಜನ ನವೆಂಬರ್ ಬಂತೆಂದರೆ ದೋಣಿಗೆ ಟಾರ್ಪಾಲು ಹೊದಿಸಿ ಕಾಡು ಸೇರುತ್ತಾರೆ. ಮಿಷಿಗನ್‌ನಲ್ಲಿ ನವೆಂಬರ್ 15 ಜಿಂಕೆ ಬೇಟೆಗೆ ಬಂದೂಕು ಎತ್ತುವ ದಿನ. 1957ರಲ್ಲಿ ಮ್ಯಾಕಿನಾ ಸೇತುವೆ ತೆರೆಯುವ ಮೊದಲು ಉತ್ತರದ ಕಾಡಿಗೆ ಹೋಗುವ ಬೇಟೆಗಾರರ ಕಾರುಗಳು ಫೆರ‍್ರಿ ದೋಣಿಗಾಗಿ ಮೈಲುಗಟ್ಟಲೆ ಸಾಲು ನಿಲ್ಲುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯ ನಂತರ ಬೆಳೆದ ನಮಗೆ ಇದು ಜೀರ್ಣವಾಗುವ ಮಾತಲ್ಲ. ಅಲ್ಲಿಯ ಲೆಕ್ಕ ಬೇರೆ. ಮರ ಕಡಿದು, ಮಾಂಸ ಮಾರಲೆಂದೇ ಕೊಂದು ಜಿಂಕೆ ಕ್ಷೀಣಿಸಿದಾಗ 1895ರಲ್ಲಿ ಲೈಸೆನ್ಸ್ ತಂದರು; ಈಗ ತೋಟ, ಹೆದ್ದಾರಿ ಎಲ್ಲೆಡೆ ಜಿಂಕೆ. ಬಂದೂಕು, ಗುಂಡಿನ ಮೇಲಿನ ತೆರಿಗೆ 1937ರಿಂದ, ಗಾಳದ ಸಾಮಾನಿನ ಮೇಲಿನದು 1950ರಿಂದ ಕಾಡು, ಮೀನುಗಳ ಸಂರಕ್ಷಣೆಗೇ ಹೋಗುತ್ತದೆ. ಹಳಬರ ಪಾಠ ಇಲ್ಲಿಯೂ ಚಿಕ್ಕದು. ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ಕೂರಿ. ಮರದ ಮೇಲಿನ ಅಟ್ಟಣಿಗೆಗೆ ಹತ್ತುವಾಗಲೇ ಎದೆ, ಹೆಗಲು, ತೊಡೆಗಳನ್ನು ಹಿಡಿಯುವ ಪೂರ್ತಿ ಮೈಯ ಸುರಕ್ಷತಾ ಪಟ್ಟಿ ಬಿಗಿಯಿರಿ. ಹೊಳೆಯುವ ಕಿತ್ತಳೆ ಬಣ್ಣ ತೊಡುವುದು 1977ರಿಂದ ಕಡ್ಡಾಯ. ಗುಂಡು ತಗುಲಿದ ಜಿಂಕೆಯ ಹಿಂದೆ ತಕ್ಷಣ ಓಡಬೇಡಿ. ಅರ್ಧ ಗಂಟೆ ಬಿಟ್ಟು ಜಾಡು ಹಿಡಿಯಿರಿ, ಬೆನ್ನಟ್ಟದಿದ್ದರೆ ಅದು ಹತ್ತಿರದಲ್ಲೇ ಮಲಗುತ್ತದೆ.

ಮತ್ತೆ ಸರೋವರಕ್ಕೆ. ಸಾಲ್ಮನ್ ತಂದದ್ದು ಏಲ್‌ವೈಫ್ ಕಾಟ ತೀರಿಸಲು. ತೀರಿತು ಕೂಡ, ಬೇಕಾದ್ದಕ್ಕಿಂತ ಹೆಚ್ಚಾಗಿ. ಹಡಗುಗಳ ತಳದ ನೀರಿನೊಡನೆ ಬಂದ ಜೀಬ್ರಾ, ಕ್ವಾಗಾ ಎಂಬ ಚಿಪ್ಪಿನ ಜೀವಿಗಳು 1988ರ ನಂತರ ಸರೋವರಗಳ ಸೂಕ್ಷ್ಮ ಜೀವಿಗಳನ್ನೆಲ್ಲ ಸೋಸಿ ತಿಂದವು. ಏಲ್‌ವೈಫ್‌ಗೆ ಹಸಿವು, ಮೇಲಿನಿಂದ ಚಿನೂಕ್. ಪಕ್ಕದ ಹ್ಯೂರನ್ ಸರೋವರದಲ್ಲಿ 2004ರ ಸುಮಾರಿಗೆ ಏಲ್‌ವೈಫ್ ಕುಸಿಯಿತು. ಅದೇ ಮೇವನ್ನು ನೆಚ್ಚಿಕೊಂಡಿದ್ದ ಚಿನೂಕ್ ಹಿಂದೆಯೇ ಕುಸಿಯಿತು. ವಿಚಿತ್ರವೆಂದರೆ ಮೂಲನಿವಾಸಿಗಳಾದ ಲೇಕ್ ಟ್ರೌಟ್, ವಾಲೈ ಅಲ್ಲಿ ಚೇತರಿಸಿಕೊಂಡವು. ಏಲ್‌ವೈಫ್ ಅವುಗಳ ಮರಿಗಳನ್ನು ತಿನ್ನುತ್ತಿತ್ತು; ಏಲ್‌ವೈಫ್ ತಿಂದ ಟ್ರೌಟ್‌ಗಳ ಮೊಟ್ಟೆಯಲ್ಲಿ ಬಿ1 ಜೀವಸತ್ವ ಕುಂದಿ ಮರಿಗಳು ಸಾಯುತ್ತಿದ್ದವು. ಮಿಷಿಗನ್ ಸರೋವರಕ್ಕೂ ಆ ಗತಿ ಬಾರದಿರಲೆಂದು 2013ರಲ್ಲಿ ಬಿಡುವ ಚಿನೂಕ್ ಮರಿಗಳನ್ನು ಅರ್ಧದಷ್ಟಕ್ಕೆ ಇಳಿಸಿದರು. ಒಂದು ಕಾಲದಲ್ಲಿ ಬುಲ್ಡೋಜರ್‌ನಿಂದ ಬಾಚಿ ಎಸೆದ ಮೀನನ್ನು ಈಗ ಲೆಕ್ಕ ಹಾಕಿ ಕಾಪಾಡುತ್ತಿದ್ದಾರೆ.

ಆಟದ ಮೀನು ತಂದು ಬಿಡುವ ಉಮೇದು ನಮ್ಮಲ್ಲೂ ಇತ್ತು. ಭೀಮೇಶ್ವರಿ, ಗಾಳಿಬೋರೆಯ ಕಾವೇರಿಗೆ ದೇಶವಿದೇಶದ ಗಾಳದವರನ್ನು ಎಳೆದು ತಂದ ಗೂನುಬೆನ್ನಿನ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದದ್ದೂ ಕಾರಣಗಳಲ್ಲೊಂದು ಎನ್ನುತ್ತಾರೆ ಸಂಶೋಧಕರು. ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದೇ 2018ರಲ್ಲಿ. ಟ್ಯಾನರ್ ಸುರಿದದ್ದು ಮಾಲೀಕನೇ ಇಲ್ಲದ ಮನೆಗೆ; ಕಾವೇರಿಯಲ್ಲಿ ಮಾಲೀಕ ಇನ್ನೂ ಒಳಗಿದ್ದ.

ಡೆಟ್ರಾಯಿಟ್, ಷಿಕಾಗೊ ಕಡೆಯ ಕನ್ನಡಿಗರು ಒಮ್ಮೆ ಈ ಟ್ರೋಲಿಂಗ್ ನೋಡಬೇಕೆಂದಿದ್ದರೆ ಸ್ವಂತ ದೋಣಿ ಬೇಡ. ಜುಲೈ, ಆಗಸ್ಟ್‌ನಲ್ಲಿ ಲಡಿಂಗ್ಟನ್, ಮ್ಯಾನಿಸ್ಟಿಯಲ್ಲಿ ಬಾಡಿಗೆ ದೋಣಿಗಳು ಸಿಗುತ್ತವೆ, ಸಾಮಾನು ಅವರದೇ. ಮಿಷಿಗನ್‌ನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ. ಹಿಡಿದದ್ದನ್ನು ಸಾರು ಮಾಡುವ ಮೊದಲು ಚರ್ಮ, ಹೊಟ್ಟೆಯ ಕೊಬ್ಬು, ಬೆನ್ನಿನ ಕಪ್ಪು ಕೊಬ್ಬು ತೆಗೆದುಬಿಡಿ. ಕಾರ್ಖಾನೆಗಳಿಂದ ಸರೋವರ ಸೇರಿದ ಪಿಸಿಬಿ ವಿಷ ಕೂತಿರುವುದು ಆ ಕೊಬ್ಬಿನಲ್ಲೇ. ದೊಡ್ಡ ಮೀನಿನಲ್ಲಿ ಅದು ಹೆಚ್ಚು. ಗರ್ಭಿಣಿಯರು, ಮಕ್ಕಳು ಎಷ್ಟು ತಿನ್ನಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಪಟ್ಟಿ ಕೊಡುತ್ತದೆ. ಅದನ್ನು ಓದಿದ ಮೇಲೆಯೇ ಒಲೆ ಹಚ್ಚಿ.