ಒಗ್ಗದವರ ಬಳಗ

ಮೈಸೂರಿನ ಸರಸ್ವತೀಪುರದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ, ಭಾನುವಾರದ ಮಧ್ಯಾಹ್ನ, ಹತ್ತು ಹನ್ನೆರಡು ಮಂದಿ, ಬಹುಪಾಲು ಎಳೆಯ ಮಕ್ಕಳ ತಾಯಂದಿರು, ಜಮಖಾನದ ಮೇಲೆ ಕುಳಿತು ಮೂಸಂಬಿ ಹಣ್ಣುಗಳಿಗೆ ಸೂಜಿ ಚುಚ್ಚುತ್ತಿರುವುದನ್ನು ಹೊಸಬರು ಯಾರಾದರೂ ಕಂಡರೆ, ಇದಾವ ಬಗೆಯ ಗೋಷ್ಠಿಯೆಂದು ಬೆರಗಾಗದೆ ಇರಲಾರರು. ಇದಕ್ಕೆ ಹೆಸರಿಲ್ಲ, ನಾಮಫಲಕವಿಲ್ಲ, ಅಧ್ಯಕ್ಷ ಕಾರ್ಯದರ್ಶಿಗಳಿಲ್ಲ. ಚಂದಾ ಎಂಬುದು ಮೂಸಂಬಿಯ ರೂಪದಲ್ಲಿ ಮಾತ್ರ ಉಂಟು. ಕುಡಿಯುವ ಹಾಲೋ, ಮೆಲ್ಲುವ ಗೋಡಂಬಿಯೋ, ಕಡಿಯುವ ಹೆಜ್ಜೇನೋ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ತರಬಹುದಾದಂಥ ತೀವ್ರ ಅಲರ್ಜಿಯುಳ್ಳವರ ಮನೆಯವರು, ಒಬ್ಬರಿಂದೊಬ್ಬರು ವಿಷಯ ತಿಳಿದುಕೊಳ್ಳಲು, ಅದಕ್ಕಿಂತ ಮಿಗಿಲಾಗಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳಲು, ಕೂಡುವ ಬಳಗವಿದು.

ಬಳಗದ ಪರಿಚಯವೆಂದರೆ ಬಹುಮಟ್ಟಿಗೆ ಆ ಮನೆಯ ಯಜಮಾನಿಯ ಪರಿಚಯವೇ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತರಾದ ಅವರು ತಮ್ಮ ಹೆಸರು ಪತ್ರಿಕೆಯಲ್ಲಿ ಬರಕೂಡದೆಂದು ಕಟ್ಟಪ್ಪಣೆ ಮಾಡಿರುವುದರಿಂದ, ಬೀದಿಯವರೆಲ್ಲ ಕರೆಯುವಂತೆ ನಾನೂ ಟೀಚರಮ್ಮನೆಂದೇ ಕರೆಯುತ್ತೇನೆ. ಅವರ ಮೊಮ್ಮಗನಿಗೆ ಹಾಲು ಒಗ್ಗದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ, ಎಷ್ಟೋ ಮಂದಿಗಿರುವ, ಸಾಮಾನ್ಯ ತೊಂದರೆ ಇದಲ್ಲ. “ಅನ್ನಪ್ರಾಶನದ ದಿನ ಬೆಳ್ಳಿ ಚಮಚದಲ್ಲಿ ಪಾಯಸ ತೆಗೆದು ಮಗುವಿನ ನಾಲಗೆಗೆ ಮುಟ್ಟಿಸಿದವಳು ನಾನೇ,” ಎಂದು ಅವರು ಹೇಳಿದರು. “ಆರತಿ ಎತ್ತುವುದರೊಳಗೆ ಮೈಯೆಲ್ಲ ದದ್ದು. ತುಟಿ ಬಾತುಕೊಂಡಿತು. ಯಾರೋ ದೃಷ್ಟಿ ತಗುಲಿದೆ ಅಂದರು. ಉಸಿರು ಸುಯ್ ಅನ್ನುವುದು ಕೇಳಿದ ಮೇಲೆ ದೃಷ್ಟಿ ತೆಗೆಯುತ್ತ ಕೂಡುವುದು ಹೇಗೆ? ಎತ್ತಿಕೊಂಡು ಓಡಿದೆವು.” ಸಮೀಪದ ಆಸ್ಪತ್ರೆಯ ವೈದ್ಯರು ಮಗುವಿನ ತೊಡೆಗೆ ಕೊಟ್ಟ ಅಡ್ರಿನಲೀನಿನ ಒಂದು ಚುಚ್ಚುಮದ್ದೇ ಈ ಬಳಗಕ್ಕೆ ಮೂಲವಾಯಿತೆನ್ನಬಹುದು.

ಹೊಸದಾಗಿ ಬಂದವರಿಗೆ ಟೀಚರಮ್ಮ ಮೊದಲು ಹೇಳುವುದು ಒಂದು ನಾಯಿಯ ಕಥೆ. 1901ರಲ್ಲಿ ಮೊನಾಕೊ ದೇಶದ ರಾಜ ಒಂದನೆಯ ಆಲ್ಬರ್ಟನ ವಿಹಾರನೌಕೆಯಲ್ಲಿ ಸಮುದ್ರಜೀವಿಗಳ ವಿಷವನ್ನು ಅಭ್ಯಸಿಸಿದ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು, ಪ್ಯಾರಿಸ್ಸಿಗೆ ಮರಳಿದ ಮೇಲೆ ನೆಪ್ಚೂನ್ ಎಂಬ ಪುಷ್ಟವಾದ ನಾಯಿಗೆ ಅಂಥ ವಿಷವನ್ನು ಅಲ್ಪಪ್ರಮಾಣದಲ್ಲಿ ಕೊಟ್ಟರು; ನಾಯಿ ಸುಖವಾಗಿಯೇ ಇತ್ತು. ಕೆಲವು ವಾರಗಳ ತರುವಾಯ ಅದೇ ಅಲ್ಪಪ್ರಮಾಣವನ್ನು ಮತ್ತೆ ಕೊಟ್ಟಾಗ 25 ನಿಮಿಷಗಳಲ್ಲಿ ಸತ್ತುಹೋಯಿತು. ಮೊದಲ ಸ್ಪರ್ಶವು ಶರೀರಕ್ಕೆ ರಕ್ಷಣೆ ಕಲಿಸುವುದರ ಬದಲು ಆತ್ಮಘಾತವನ್ನು ಕಲಿಸಬಲ್ಲುದೆಂಬ ಈ ವಿಪರೀತಕ್ಕೆ ರಿಷೆ 1902ರಲ್ಲಿ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟನು. 1913ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದನು. ನಿರಪಾಯವಾದ ಪದಾರ್ಥವೊಂದನ್ನು ಶತ್ರುವೆಂದು ಭ್ರಮಿಸಿದ ದೇಹವು ಐಜಿಇ ಎಂಬ ಪ್ರತಿಕಾಯಗಳನ್ನು ಸಿದ್ಧಪಡಿಸಿಟ್ಟುಕೊಂಡಿದ್ದು, ಆ ಪದಾರ್ಥ ಮರಳಿ ಒಳಹೊಕ್ಕೊಡನೆ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಹೊರಚೆಲ್ಲುತ್ತದೆ. ಶ್ವಾಸನಾಳ ಸಂಕೋಚಗೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಶಾಸ್ತ್ರಭಾಗ ಇಷ್ಟಕ್ಕೆ ಮುಗಿಯಿತು. ಉಳಿದುದೆಲ್ಲ ಅಡುಗೆಮನೆಯ ಮತ್ತು ಸೂಜಿಯ ವಿಚಾರ.

ನನ್ನನ್ನು ಆ ಮನೆಯವರೆಗೆ ಎಳೆದು ತಂದದ್ದು ಅಡುಗೆಮನೆಯ ವಿಚಾರವೇ. ನಮ್ಮ ಕಡೆಯ ಊಟದಲ್ಲಿ ಹಾಲಿನ ಸಂಪರ್ಕವಿಲ್ಲದ ತುತ್ತನ್ನು ಹುಡುಕುವುದು ಎಷ್ಟು ಕಷ್ಟವೆಂಬುದು, ಹುಡುಕಬೇಕಾಗಿ ಬಂದವರಿಗಲ್ಲದೆ ಉಳಿದವರಿಗೆ ತಿಳಿಯದು. ಎಲೆ ಹಾಕಿದೊಡನೆ ಶುದ್ಧಿಗೆಂದು ಬೀಳುವುದು ತುಪ್ಪ. ಆ ತುಪ್ಪದಲ್ಲಿಯೂ ಹಾಲಿನ ಪ್ರೋಟೀನಿನ ಅಲ್ಪಾಂಶ ಉಳಿದಿರುವುದುಂಟು, ತೀವ್ರ ಅಲರ್ಜಿಯ ಮಗುವಿಗೆ ಅಷ್ಟೇ ಸಾಕಾಗಬಹುದು. ಬೇಳೆಯ ಒಗ್ಗರಣೆಗೆ ತುಪ್ಪ, ಕೋಸಂಬರಿ ಬಡಿಸಿದ ಕೈಯಲ್ಲೇ ಮೊಸರುಬಜ್ಜಿ, ದೇವಸ್ಥಾನಕ್ಕೆ ಹೋದರೆ ಅಂಗೈಗೆ ಪಂಚಾಮೃತ. ಒಂದು ಮದುವೆಯ ಮನೆಯಲ್ಲಿ ಟೀಚರಮ್ಮ ಅಡುಗೆಯ ಭಟ್ಟರಿಗೆ ಅಲರ್ಜಿ, ಪ್ರತಿಕಾಯ ಎಂದೆಲ್ಲ ವಿವರಿಸಿದರಂತೆ. ಭಟ್ಟರು ವಿನಯದಿಂದ ತಲೆಯಾಡಿಸಿ, “ಒಂದು ಚೂರು ತುಪ್ಪದಿಂದ ಏನೂ ಆಗೋಲ್ಲ ಅಮ್ಮಾ, ಎಳೆಗೂಸು, ಪುಷ್ಟಿಯಾಗುತ್ತೆ” ಎಂದರಂತೆ. ಆಗ ಅವರಿಗೆ ಹೊಳೆಯಿತು. “ಭಟ್ಟರೇ, ನಮ್ಮ ಹುಡುಗನ ಊಟ ಮಡಿಯದು ಅಂತ ತಿಳಿದುಕೊಳ್ಳಿ. ಹಾಲು, ಮೊಸರು, ತುಪ್ಪ ಮುಟ್ಟಿದ ಕೈ, ಸೌಟು, ಪಾತ್ರೆ ಯಾವುದೂ ಅವನದನ್ನು ಮುಟ್ಟಕೂಡದು.” ಭಟ್ಟರ ಮುಖ ಬೆಳಗಿತು. “ಅಷ್ಟೇ ತಾನೇ? ಮೊದಲೇ ಹೇಳಬಾರದಿತ್ತೇ?” ಎಂದು ಕೈಕಾಲು ತೊಳೆದು ಬಂದು, ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ, ಎಲ್ಲರಿಗಿಂತ ಮೊದಲು ಹುಡುಗನ ಅನ್ನ ಸಾರುಗಳನ್ನು ಇಳಿಸಿ, ಮುಚ್ಚಿಟ್ಟು, ಮೇಲೆ ಬಾಳೆಯೆಲೆ ಹೊದಿಸಿ, ಅತ್ತ ಯಾರನ್ನೂ ಸುಳಿಯಗೊಡಲಿಲ್ಲ.

ಒಂದು ಪದಾರ್ಥದ ಕಣ್ಣಿಗೆ ಕಾಣದ ಅಂಶ ಮತ್ತೊಂದಕ್ಕೆ ತಗುಲಬಾರದೆಂಬ ಶಿಸ್ತನ್ನು ಪಾಶ್ಚಾತ್ಯ ದೇಶಗಳ ಹೋಟೆಲಿನವರಿಗೆ ತರಬೇತಿ ಕೊಟ್ಟು ಕಲಿಸುತ್ತಾರೆ. ನಮ್ಮ ಅಡುಗೆಯವರಿಗೆ ಅದು ಬಾಲ್ಯದಿಂದಲೇ ಬಂದ ವಿದ್ಯೆ. ಮಡಿಯ ಹೆಸರಿನಲ್ಲಿ ಮನುಷ್ಯರು ಮನುಷ್ಯರನ್ನು ಹೊಸಿಲಿನಾಚೆ ನಿಲ್ಲಿಸಿದ ಕಥೆ ನನಗೆ ತಿಳಿಯದುದಲ್ಲ. ಆ ಮಡಿ ಹೋದುದಕ್ಕೆ ನಾನು ಕಣ್ಣೀರಿಡುವವನೂ ಅಲ್ಲ. ಆದರೆ ಅದರ ಸೌಟು ಪಾತ್ರೆಗಳ ಎಚ್ಚರ ಮಾತ್ರ ಉಳಿದು, ಕೂಸೊಂದರ ಉಸಿರನ್ನು ಕಾಯುವುದಕ್ಕೆ ಒದಗಿದರೆ, ಅದಕ್ಕಿಂತ ಒಳ್ಳೆಯ ವಿನಿಯೋಗ ಅದಕ್ಕೆ ಎಂದೂ ದೊರೆತಿರಲಾರದು.

ಇನ್ನು ಸೂಜಿ. ಟೀಚರಮ್ಮನವರ ಕೈಚೀಲದಲ್ಲಿ ಯಾವಾಗಲೂ ಒಂದು ಹಳೆಯ ಜಾಮಿಟ್ರಿ ಪೆಟ್ಟಿಗೆಯಿರುತ್ತದೆ. ತೆರೆದರೆ ಹತ್ತಿಯ ಹಾಸಿನ ಮೇಲೆ ಕಂದು ಗಾಜಿನ ಎರಡು ಆಂಪೂಲುಗಳು, ಒಂದು ಮಿಲಿಲೀಟರಿನ ಎರಡು ಸಿರಿಂಜುಗಳು, ಮತ್ತು ವೈದ್ಯರ ಸಹಿಯುಳ್ಳ, ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದ ಚೀಟಿ. ಆಂಪೂಲಿನ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಮ್ ಅಡ್ರಿನಲೀನ್ ಇರುತ್ತದೆ. ಮಗುವಿನ ತೂಕದ ಕಿಲೋ ಒಂದಕ್ಕೆ 0.01 ಮಿಲಿಗ್ರಾಮಿನಂತೆ, 20 ಕಿಲೋ ತೂಗುವ ಮೊಮ್ಮಗನಿಗೆ 0.2 ಮಿಲಿಲೀಟರೆಂದು ವೈದ್ಯರು ಗೊತ್ತುಮಾಡಿದ್ದಾರೆ. ಗಾಬರಿಯಲ್ಲಿ ಕಣ್ಣು ಮಂಜಾದೀತೆಂದು ಸಿರಿಂಜಿನ ಆ ಗೀಟಿನ ಮೇಲೆ ಟೀಚರಮ್ಮ ಕೆಂಪು ಉಗುರುಬಣ್ಣದ ಸಣ್ಣ ಗೆರೆಯೆಳೆದಿದ್ದಾರೆ. ಇನ್ಸುಲಿನ್ ಸಿರಿಂಜನ್ನು ಅವರು ಪೆಟ್ಟಿಗೆಯ ಹತ್ತಿರ ಸುಳಿಯಗೊಡುವುದಿಲ್ಲ. ಅದರ ಗೀಟುಗಳ ಲೆಕ್ಕವೇ ಬೇರೆ. ಆಂಪೂಲಿನ ತಲೆಯನ್ನು ಬೆರಳಿನಿಂದ ತಟ್ಟಿ ಔಷಧವನ್ನು ಕೆಳಗಿಳಿಸಿ, ಕತ್ತಿಗೆ ಹತ್ತಿ ಸುತ್ತಿ ಮುರಿದು, ಸೂಜಿಯಿಂದೆಳೆದು, ಗಾಳಿಯ ಗುಳ್ಳೆ ಕಳೆದು, ತೊಡೆಯ ಹೊರಮಗ್ಗುಲಿನ ನಡುಭಾಗದ ಸ್ನಾಯುವಿಗೆ ನೇರವಾಗಿ ಚುಚ್ಚಬೇಕು. ಮಗುವನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಬಹುದು, ಎಬ್ಬಿಸಿ ನಡೆಸಕೂಡದು. ಆಮೇಲೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಲೇಬೇಕು. ಲಕ್ಷಣಗಳು ಅಡಗಿದಂತೆ ಕಂಡು ಕೆಲವು ಗಂಟೆಗಳ ಮೇಲೆ ಮರುಕಳಿಸುವುದುಂಟು. “ಸಿಟ್ರಿಜಿನ್ ಮಾತ್ರೆ ಕೊಟ್ಟು ಕಾಯುತ್ತ ಕೂತರೆ ಕೆಟ್ಟಿರಿ ಅಂತಲೇ ತಿಳಿಯಿರಿ,” ಎಂಬುದು ಅವರು ಪ್ರತಿಸಲವೂ ಹೇಳುವ ಮಾತು.

ಇದನ್ನೆಲ್ಲ ಉಪ್ಪುನೀರಿನ ಆಂಪೂಲು ಮುರಿದು ಮೂಸಂಬಿಯ ಮೇಲೆ ಅಭ್ಯಾಸ ಮಾಡಿಸುವಾಗ ಟೀಚರಮ್ಮ ಕೈಗಡಿಯಾರ ಹಿಡಿದು ನಿಲ್ಲುತ್ತಾರೆ. ಅದಕ್ಕೆ ಆಧಾರವಿಲ್ಲದಿಲ್ಲ. ಕೆನಡಾದ ಡಾ. ಎಸ್ಟೆಲ್ ಸೈಮನ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಂಪೂಲಿನಿಂದ ಔಷಧ ಎಳೆಯಲು ತುರ್ತುಚಿಕಿತ್ಸೆಯ ದಾದಿಯರಿಗೆ ಸರಾಸರಿ 29 ಸೆಕೆಂಡು ಸಾಕಾದರೆ, ತಂದೆತಾಯಿಯರಿಗೆ 142 ಸೆಕೆಂಡು ಹಿಡಿದಿತ್ತು. ಅವರು ಎಳೆದ ಪ್ರಮಾಣಗಳೋ ಒಂದಕ್ಕೊಂದು 40 ಪಟ್ಟಿನವರೆಗೆ ವ್ಯತ್ಯಾಸಗೊಂಡಿದ್ದವು. ಪಡಸಾಲೆಯಲ್ಲಿ ನಾನು ಕಂಡ ಎಳೆಯ ತಾಯೊಬ್ಬಳ ಬೆರಳಿಗೆ ಆಂಪೂಲಿನ ಗಾಜು ತಗುಲಿ ರಕ್ತ ಬಂದಿತು. ಆಕೆ ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, “ಟೈಮ್ ನಿಲ್ಲಿಸಬೇಡಿ ಟೀಚರ್” ಎಂದು ಮುಂದುವರಿಸಿದಳು.

ಅಮೆರಿಕೆಯಲ್ಲಿ ಇಷ್ಟೆಲ್ಲ ಸಾಹಸಕ್ಕೆ ಬದಲಾಗಿ ಒಂದು ಪೆನ್ನು ಬಂದು ದಶಕಗಳೇ ಸಂದಿವೆ. ಯುದ್ಧದ ವಿಷಾನಿಲಕ್ಕೆ ಸೈನಿಕರು ತಾವೇ ಪ್ರತ್ಯೌಷಧ ಚುಚ್ಚಿಕೊಳ್ಳುವುದಕ್ಕಾಗಿ ಷೆಲ್ಡನ್ ಕಾಪ್ಲನ್ ಎಂಬ ಇಂಜಿನಿಯರು ರೂಪಿಸಿದ ಸಾಧನದ ಸಂತತಿಯಾದ ಆ ಎಪಿಪೆನ್ನಿಗೆ 1987ರಲ್ಲಿ ಅಲ್ಲಿಯ ಸರ್ಕಾರದ ಒಪ್ಪಿಗೆ ದೊರೆಯಿತು. ಬಟ್ಟೆಯ ಮೇಲಿಂದಲೇ ತೊಡೆಗೆ ಒತ್ತಿದರೆ ಸಾಕು, ಅಳತೆಯ ಚಿಂತೆಯಿಲ್ಲ. ನಮ್ಮ ಊರಿನ ಔಷಧದಂಗಡಿಯಲ್ಲಿ ಕೇಳಿದೊಡನೆ ದೊರೆಯುವ ವಸ್ತುವಲ್ಲ ಅದು. ಬಳಗದ ಒಂದಿಬ್ಬರು ವಿದೇಶದಲ್ಲಿರುವ ನಂಟರನ್ನು ಬೇಡಿ ತರಿಸಿಕೊಂಡಿದ್ದಾರೆ. ಒಂದೆರಡು ವರ್ಷದೊಳಗೆ ಅದರ ಅವಧಿ ತೀರುತ್ತದೆ, ಮತ್ತೆ ಬೇಡಬೇಕು. ಒಳಗಿನ ಔಷಧವೇನೋ ನಮ್ಮಲ್ಲಿ ಅಲ್ಪ ಬೆಲೆಗೆ ಸಿಕ್ಕುವಂಥದೇ. ಇಲ್ಲದಿರುವುದು ಅದನ್ನು ಭಯದಿಂದ ನಡುಗುವ ಕೈಗೂ ಸುಲಭವಾಗಿಸುವ ಕೊಳವೆ.

ಬಳಗಕ್ಕೆ ಬರುವವರೆಲ್ಲರೂ ನಿಜವಾಗಿ ಅಲರ್ಜಿಯವರೇ ಎಂದೂ ತಿಳಿಯಬೇಕಾಗಿಲ್ಲ. ರಕ್ತಪರೀಕ್ಷೆಯ ಉದ್ದನೆಯ ಪಟ್ಟಿ ಹಿಡಿದು ಬಂದು, ಗೋಧಿ, ತೊಗರಿ, ತೆಂಗು ಎಲ್ಲವನ್ನೂ ಬಿಟ್ಟು ಸೊರಗಿದ ಮಕ್ಕಳನ್ನು ತೋರಿಸುವವರುಂಟು. ಅಂಥವರಿಗೆ ಟೀಚರಮ್ಮ ನಮ್ಮದೇ ನಾಡಿನ ಲೆಕ್ಕ ಹೇಳುತ್ತಾರೆ: ಬೆಂಗಳೂರು ಮೈಸೂರುಗಳ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಯಾವುದಾದರೊಂದು ಆಹಾರಕ್ಕೆ ರಕ್ತದಲ್ಲಿ ಪ್ರತಿಕಾಯವಿದ್ದವರು ನೂರಕ್ಕೆ 26.5, ಆಹಾರದ ಅಲರ್ಜಿ ಇರುವುದು ಸಂಭವವೆನಿಸಿದವರು ನೂರಕ್ಕೆ 1.2 ಮಾತ್ರ. ಬದನೆಕಾಯಿ ನಂಜೆಂದು ಬಾಣಂತಿಯರಿಗೂ ಗಾಯವಾದವರಿಗೂ ವರ್ಜ್ಯಮಾಡಿದ ನಮ್ಮ ಅಜ್ಜಿಯರ ನಂಬಿಕೆಯನ್ನೂ ಮೈಸೂರಿನ ವಿಜ್ಞಾನಿಗಳು ಬಿಟ್ಟಿಲ್ಲ. ಇಲ್ಲಿಯ 741 ಮಂದಿಯನ್ನು ಪರೀಕ್ಷಿಸಿ 2008ರಲ್ಲಿ ಅವರು ಪ್ರಕಟಿಸಿದಂತೆ, ಬದನೆಗೆ ಸಂವೇದನೆ ತೋರಿದವರು ನೂರಕ್ಕೆ ಒಂಬತ್ತರಷ್ಟಿದ್ದರೂ ನಿಜವಾದ ಅಲರ್ಜಿಯವರು ನೂರಕ್ಕೆ ಒಬ್ಬರೂ ಇರಲಿಲ್ಲ. ಕಾಗದದ ಮೇಲಿನ ಅಂಕಿಯನ್ನು ರೋಗವೆಂದು ಭ್ರಮಿಸದೆ, ತಿಂದಾಗ ಏನಾಯಿತೆಂಬ ಕಥೆಯನ್ನು ತಜ್ಞರ ಮುಂದೆ ಮೊದಲು ಹೇಳಿ ಎಂಬುದು ಟೀಚರಮ್ಮನವರ ಉಪದೇಶ.

ಇಂಥ ಬಳಗ ಬೇರೆಡೆಯೂ ಹುಟ್ಟಿದೆ. ಇಂಗ್ಲೆಂಡಿನಲ್ಲಿ ಡೇವಿಡ್ ರೀಡಿಂಗ್ ಎಂಬವರು, ಕಡಲೆಕಾಯಿಯ ಅಂಶವಿದ್ದ ಸಿಹಿಯೊಂದನ್ನು ತಿಂದು 17ರ ಹರೆಯದ ಮಗಳು 1993ರಲ್ಲಿ ತೀರಿಕೊಂಡ ದುಃಖದಿಂದ, ಮರುವರ್ಷವೇ ತಮ್ಮಂಥವರ ಸಂಸ್ಥೆಯೊಂದನ್ನು ಕಟ್ಟಿದರು. ಅದು ಇಂದಿಗೂ ನಡೆದಿದೆ. ಪೊಟ್ಟಣದ ಆಹಾರದ ವಿಚಾರಕ್ಕೆ ಬಂದರೆ, ಯುರೋಪಿನ ಕಾನೂನು 14 ಬಗೆಯ ಅಲರ್ಜಿಕಾರಕಗಳನ್ನು ಲೇಬಲಿನಲ್ಲಿ ಎತ್ತಿ ತೋರಿಸಬೇಕೆನ್ನುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯಲ್ಲಿಯೂ ಹಾಲು, ಮೊಟ್ಟೆ, ಮೀನು, ಕಡಲೆಕಾಯಿ, ಸೋಯಾ ಮೊದಲಾದವುಗಳ ಪಟ್ಟಿಯುಂಟು. ಆದರೆ ಸಂಕ್ರಾಂತಿಗೆ ಮನೆಮನೆಗೂ ಬೀರುವ ಎಳ್ಳೂ, ದಿನವೂ ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆಯೂ ಅದರಲ್ಲಿಲ್ಲ. ಇರುವಷ್ಟನ್ನೂ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಅಚ್ಚುಮಾಡಿದರೆ ಸಾಕು, ಕನ್ನಡ ಕಡ್ಡಾಯವಲ್ಲ. ಮಗುವನ್ನು ಹಗಲೆಲ್ಲ ನೋಡಿಕೊಳ್ಳುವ, ಕನ್ನಡವನ್ನಷ್ಟೇ ಓದಬಲ್ಲ ಅಜ್ಜಿಯ ಕೈಗೆ ಬಿಸ್ಕತ್ತಿನ ಪೊಟ್ಟಣ ಬಂದಾಗ, ಹಾಲಿನ ಪುಡಿಯಿದೆಯೆಂಬ ಎಚ್ಚರಿಕೆ ಅಲ್ಲಿದ್ದೂ ಇಲ್ಲದಂತಾಗುತ್ತದೆ. ಇದು ಸರ್ಕಾರ ಮನಸ್ಸು ಮಾಡಿದರೆ ಸರಿಪಡಿಸಲಾಗದ ಕೊರತೆಯಲ್ಲ.

ಟೀಚರಮ್ಮನವರಿಗೆ ಈಗ ಎಪ್ಪತ್ತು ದಾಟಿದೆ; ಮೂಸಂಬಿಯ ಮೇಲೆ ಗೀಟು ತೋರಿಸುವಾಗ ಅವರ ಕೈಯೂ ಸ್ವಲ್ಪ ನಡುಗುತ್ತದೆ. ತಮ್ಮ ತರುವಾಯ ಈ ತರಗತಿಯನ್ನು ನಡೆಸುವವರು ಯಾರೆಂಬುದು ಇನ್ನೂ ಗೊತ್ತಾಗಿಲ್ಲ. ದಾದಿಯಾಗಿ ಕೆಲಸಮಾಡಿ ನಿವೃತ್ತರಾದವರು ಯಾರಾದರೂ ತಿಂಗಳಿಗೊಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮುಂದೆ ಬಂದರೆ ಪಡಸಾಲೆಯನ್ನು ಬಿಟ್ಟುಕೊಡಲು ಸಿದ್ಧವೆಂದು ಅವರು ನನ್ನೊಡನೆ ಹೇಳಿದ್ದಾರೆ; ಆ ಮಾತನ್ನು ಓದುಗರಿಗೆ ಮುಟ್ಟಿಸಬೇಕೆಂದೇ ಇದನ್ನು ಬರೆದಿದ್ದೇನೆ.