ಹಸು ಬರುವುದು ಹಿಂಡಿಯ ಆಸೆಗೆ

ರೋಬೊ ಹಾಲು ಕರೆಯುವ ವಿಡಿಯೊ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾರೂ ಅಟ್ಟದೆ ಹಸು ತಾನಾಗಿ ಬಂದು ನಿಲ್ಲುವುದು ಹೇಗೆ? ಕೆಚ್ಚಲಿನ ಭಾರ ಇಳಿಸಿಕೊಳ್ಳಲು ಬರುತ್ತದೆ ಎಂಬ ಉತ್ತರ ಕೇಳಲು ಹಿತವಾಗಿದೆ, ಆದರೆ ಪುರಾವೆ ಬೇರೆಯೇ ಹೇಳುತ್ತದೆ. ಬ್ರಿಟನ್ನಿನ ಸಂಶೋಧಕರು ಕವಲೊಡೆದ ದಾರಿಯೊಂದರ ಒಂದು ತುದಿಯಲ್ಲಿ ಹಾಲು ಕರೆಯುವ ಜಾಗ, ಇನ್ನೊಂದರಲ್ಲಿ ಆಹಾರ ಇಟ್ಟು ಪರೀಕ್ಷಿಸಿದರು; 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಸುಗಳ ಒಲವು ಸ್ಪಷ್ಟವಾಗಿ ಆಹಾರದ ಕಡೆಗಿತ್ತು. ಕರೆಸಿಕೊಳ್ಳುವ ಆಸೆ ದುರ್ಬಲ, ಒಂದೊಂದು ಹಸುವಿಗೆ ಒಂದೊಂದು ಬಗೆ. 1992ರಲ್ಲಿ ನೆದರ್ಲೆಂಡ್ಸ್‌ನ ಕೊಟ್ಟಿಗೆಗಳಿಗೆ ಕಾಲಿಟ್ಟ ಈ ಯಂತ್ರ ನಡೆಯುತ್ತಿರುವುದು ಮುಖ್ಯವಾಗಿ ಹಾಲು ಕರೆಯುವಾಗ ಅಲ್ಲೇ ಕೊಡುವ ಪಶು ಆಹಾರದ ಬಲದಿಂದ.

ಹಾಗಾದರೆ ಇದು ಬರೀ ಆಮಿಷವಲ್ಲವೇ ಎನ್ನಬಹುದು. ಆಮಿಷ ನಿಜ, ಆದರೆ ಹೊತ್ತು ಹಸುವಿನದೇ. ಹಿಂಡಿನಲ್ಲಿ ಬಲಿಷ್ಠ ಹಸುಗಳಿಗೆ ಹೆದರುವವು ದಾರಿ ಖಾಲಿಯಿರುವ ರಾತ್ರಿ ಹೊತ್ತಿನಲ್ಲಿ ಬರುತ್ತವೆ. ಕೊರಳಪಟ್ಟಿಯ ಚಿಪ್ ಓದಿದ ಯಂತ್ರ, ಈಗಷ್ಟೇ ಕರೆಸಿಕೊಂಡು ಹೋದ ಹಸುವಾದರೆ ಹಿಂಡಿ ಕೊಡದೆ ಆಚೆ ಕಳಿಸುತ್ತದೆ. ಇಲ್ಲವಾದರೆ ಬ್ರಷ್ಷು ತೊಟ್ಟುಗಳನ್ನು ಉಜ್ಜಿ ತೊಳೆಯುತ್ತದೆ; ಆ ಸ್ಪರ್ಶಕ್ಕೇ ಆಕ್ಸಿಟೋಸಿನ್ ರಕ್ತಕ್ಕಿಳಿದು ಸುಮಾರು ಒಂದು ನಿಮಿಷದಲ್ಲಿ ಹಾಲು ಇಳಿಯುತ್ತದೆ. ಲೇಸರ್ ಕಿರಣ ಹುಡುಕಿಕೊಟ್ಟ ತೊಟ್ಟುಗಳಿಗೆ ಕಪ್ಪುಗಳು ಒಂದೊಂದಾಗಿ ಕೂರುತ್ತವೆ, ಹಾಲು ನಿಂತ ತೊಟ್ಟಿನಿಂದ ಒಂದೊಂದಾಗಿಯೇ ಕಳಚುತ್ತವೆ. ನನ್ನ ಮಟ್ಟಿಗೆ ಯಂತ್ರದ ನಿಜವಾದ ಹೆಚ್ಚುಗಾರಿಕೆ ಇದೇ. ಸಾಮಾನ್ಯ ಹಾಲು ಕರೆಯುವ ಯಂತ್ರದಲ್ಲಿ ನಾಲ್ಕೂ ಕಪ್ಪುಗಳನ್ನು ಒಟ್ಟಿಗೆ ತೆಗೆಯುವುದರಿಂದ ಮೊದಲು ಬರಿದಾದ ತೊಟ್ಟು ಸುಮ್ಮನೆ ಎಳೆತ ತಿನ್ನುತ್ತಿರುತ್ತದೆ.

ಕೆಚ್ಚಲು ಬಾವನ್ನೂ ಯಂತ್ರವೇ ಪತ್ತೆ ಮಾಡುತ್ತದೆ ಎನ್ನುವ ಮಾತಿಗೆ ಮಾತ್ರ ಮಿತಿ ಹಾಕಬೇಕು. ಬಾವು ಬಂದಾಗ ಹಾಲಿನಲ್ಲಿ ಸೋಡಿಯಂ, ಕ್ಲೋರೈಡ್ ಹೆಚ್ಚಿ ವಿದ್ಯುತ್ ವಾಹಕತೆ ಏರುತ್ತದೆ, ಯಂತ್ರ ಅಳೆಯುವುದು ಅದನ್ನು. ಸುಳ್ಳು ಎಚ್ಚರಿಕೆಗಳೂ ಬರುತ್ತವೆ. ಕೆಚ್ಚಲು ಮುಟ್ಟಿ, ಹಾಲಿನಲ್ಲಿ ಗರಣೆಯಿದೆಯೇ ಎಂದು ಮನುಷ್ಯನೇ ನೋಡಬೇಕು. ಕಾಲುನೋವಿನ ಹಸುವಂತೂ ಹಿಂಡಿ ಇದ್ದರೂ ಅಷ್ಟು ದೂರ ನಡೆದು ಬರುವುದಿಲ್ಲ, ಹೋಗಿ ಕರೆತರಬೇಕು. ಕೆಲಸ ಮುಗಿಯಲಿಲ್ಲ, ಬಗೆ ಬದಲಾಯಿತು.

ಒಂದು ಯಂತ್ರ ಸುಮಾರು 60 ಹಸುಗಳನ್ನು ನಿಭಾಯಿಸುತ್ತದೆ, ಅಷ್ಟಿದ್ದರೇ ಅದರ ಖರ್ಚು ಹುಟ್ಟುವುದು. ಎರಡು ಮೂರು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ನಮ್ಮ ಮನೆಗಳಿಗೆ ಇದು ಹೊಂದುವುದಿಲ್ಲ. ದೊಡ್ಡ ಫಾರಂ ಕಟ್ಟುವ ಯೋಚನೆಯಿರುವವರು ಯಂತ್ರದ ಬೆಲೆ ವಿಚಾರಿಸುವ ಮೊದಲು ತಮ್ಮ ಹಸುಗಳ ಗೊರಸು ನೋಡಲಿ.