ಮಂದಗತಿಯ ಗಣಕಯಂತ್ರ: ಗೃಹಸ್ಥರ ಗಮನಕ್ಕೆ

ಗುಂಡಿಯನ್ನೊತ್ತಿ, ಸ್ನಾನ ಮುಗಿಸಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕೆಗಳ ಚಕ್ರವು ತಿರುಗುತ್ತಲೇ ಇರುವ ಗಣಕಯಂತ್ರಗಳು ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ನೆರೂಲಿನವರೆಗೆ ನಮ್ಮವರ ಅನೇಕ ಮನೆಗಳಲ್ಲಿ ಉಂಟು. 2020ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳ ಪಾಠವು ಮನೆಯೊಳಕ್ಕೆ ಬಂದಾಗ, ಹೊಸದೋ ಹಳೆಯದೋ ಕೈಗೆ ಸಿಕ್ಕಿದುದನ್ನು ಕೊಂಡವರು ಬಹಳ ಮಂದಿ. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ.

ಯಂತ್ರವು ಮಂದವಾಯಿತೆಂದು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಹೊಸದನ್ನು ಕೊಳ್ಳಿರಿ ಎಂಬುದು ಒಂದು. ಫಾರ್ಮ್ಯಾಟ್ ಮಾಡಿಬಿಡೋಣ ಎಂಬುದು ಇನ್ನೊಂದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ಹೋಗುವುದೇನೆಂಬುದನ್ನು ನಮಗೆ ಪರಿಚಿತರಾದ ಡೊಂಬಿವಲಿಯ ಗೃಹಸ್ಥರೊಬ್ಬರು ಬಲ್ಲರು. ಅಂಗಡಿಯವನು “ಎಲ್ಲ ಸಾಫ್ ಮಾಡಲೇ?” ಎಂದು ಕೇಳಿದನಂತೆ, ಇವರು ಧೂಳಿನ ಮಾತೆಂದು ತಿಳಿದು ಹೂಂ ಎಂದರಂತೆ. ಸಾಯಂಕಾಲ ಯಂತ್ರವು ಬಾಣದಂತೆ ಓಡುತ್ತಿತ್ತು. ಆದರೆ ಊರ ಮನೆಯ ನೇಮದ ದಿನ ತೆಗೆದಿದ್ದ ತಾಯಿಯ ಕಡೆಯ ಚಿತ್ರಗಳು ಅದರೊಳಗೆ ಇರಲಿಲ್ಲ. ತಾಯಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

ಆದುದರಿಂದ ವೇಗದ ವಿಚಾರಕ್ಕೆ ಮೊದಲು ನಕಲಿನ ವಿಚಾರ. ಚಿತ್ರ, ಕಾಗದಪತ್ರ, ಲೆಕ್ಕಪುಸ್ತಕ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುವುದೇ ಎಂದು ಕಣ್ಣಾರೆ ನೋಡತಕ್ಕದ್ದು. ನಮ್ಮ ಸಂಘಗಳ ಕಾರ್ಯದರ್ಶಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಹಿಂದೆ ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ಸ್ಮರಣಸಂಚಿಕೆ, ವರದಿಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚಿನಂತೆ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಬಾರದು. ಫಾಂಟುಗಳನ್ನೂ ಜೊತೆಗೆ ನಕಲಿಸಿಟ್ಟು, ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದಿನವರೂ ಓದಬಹುದು.

ಇನ್ನು ಮಂದಗತಿಯ ಕಾರಣ. ಹೋಟೆಲು ನಡೆಸಿದ ನಮಗೆ ಇದು ಅಡಿಗೆಮನೆಯ ಲೆಕ್ಕದಿಂದಲೇ ತಿಳಿಯಿತು. ಹಾರ್ಡ್ ಡಿಸ್ಕ್ ಎಂಬುದು ಉಗ್ರಾಣ. ರ್‍ಯಾಮ್ ಎಂಬುದು ಅಡಿಗೆಯ ಕಟ್ಟೆ. ಪ್ರೊಸೆಸರ್ ಎಂಬುವರು ಭಟ್ಟರು. ಕಟ್ಟೆಯು ಇಕ್ಕಟ್ಟಾಗಿ, ಒಂದೊಂದು ದೋಸೆಗೂ ಉಗ್ರಾಣಕ್ಕೆ ಓಡಬೇಕಾದರೆ, ಭಟ್ಟರು ಎಷ್ಟೇ ಚುರುಕಿನವರಾದರೂ ಗಿರಾಕಿ ಕಾಯಲೇಬೇಕು. ಜನರು ದೂರುವುದು ಮಾತ್ರ ಭಟ್ಟರನ್ನೇ!

ಕಟ್ಟೆಯನ್ನು ತೆರವು ಮಾಡಲು ಕಾಸು ಬೇಕಾಗಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ಭಾಗದಲ್ಲಿ, ಯಂತ್ರವು ಎಚ್ಚರಗೊಳ್ಳುವಾಗಲೇ ಕರೆಯದೆ ಬಂದು ಕೂರುವ ಕಾರ್ಯಕ್ರಮಗಳ ಪಟ್ಟಿ ಇರುತ್ತದೆ. ಗುರುತಿರುವ, ನಿತ್ಯ ಬೇಕಾಗದವುಗಳ ಮೇಲೆ ಡಿಸೇಬಲ್ ಒತ್ತಬಹುದು. ಕಾರ್ಯಕ್ರಮವು ಅಳಿಯುವುದಿಲ್ಲ, ಕರೆದಾಗ ಬರುತ್ತದೆ. ಗುರುತಿಲ್ಲದುದನ್ನು ಮುಟ್ಟದಿರುವುದೇ ಲೇಸು. ಎರಡು ಆಂಟಿವೈರಸ್ ಇದ್ದಲ್ಲಿ ಒಂದನ್ನು ತೆಗೆಯತಕ್ಕದ್ದು. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸಲು ಏರ್ಪಾಡು ಉಂಟು. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬುದೂ ಸೇರಿರುತ್ತದೆ, ಅದರಲ್ಲಿ ಮಕ್ಕಳ ಹಾಲ್ ಟಿಕೆಟ್ಟು ಇದ್ದೀತು! ಇನ್ನೊಂದು ಸ್ವಾರಸ್ಯ: ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಏರ್ಪಾಡಿನಿಂದಾಗಿ ಶಟ್‌ಡೌನ್ ಮಾಡಿದರೂ ಯಂತ್ರದ ಒಳಗಿನ ಸ್ಥಿತಿಯ ಒಂದಂಶ ಉಳಿದು ಮರುದಿನ ಹಾಗೆಯೇ ಹಿಂದಿರುಗುತ್ತದೆ. ಪೂರ್ತಿ ಹೊಸದಾಗಿ ಎದ್ದೇಳಬೇಕಾದರೆ ರೀಸ್ಟಾರ್ಟ್ ಕೊಡಬೇಕು. ವಾರಕ್ಕೊಮ್ಮೆಯಾದರೂ ಇದನ್ನು ಮಾಡುವುದು ಒಳ್ಳೆಯದು.

ಇಷ್ಟಾದರೂ ಗತಿ ಸುಧಾರಿಸದಿದ್ದರೆ ಅದೇ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಭಾಗವನ್ನು ನೋಡಿರಿ. ಡಿಸ್ಕ್ ಎಂಬಲ್ಲಿ ಸದಾ ಶೇಕಡಾ 100ರ ಸಮೀಪ ತೋರಿಸುತ್ತಿದ್ದು, ಎಚ್‌ಡಿಡಿ ಎಂದು ಬರೆದಿದ್ದರೆ ರೋಗವು ಉಗ್ರಾಣದ್ದು. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಅದರ ಮೇಲೆ ಸೂಜಿಯಂಥ ತೋಳೊಂದು ಅತ್ತಿತ್ತ ಚಲಿಸಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸುವುದರಿಂದ ಆಗುವಷ್ಟು ಉಪಕಾರ ಬೇರಾವುದರಿಂದಲೂ ಆಗದೆಂಬುದು ನಮ್ಮ ಅಭಿಮತ. 4 ಜಿಬಿ ರ್‍ಯಾಮ್ ಇದ್ದಲ್ಲಿ 8 ಮಾಡಿಸುವುದು ಅದರ ನಂತರದ ಮಾತು. ಬೆಲೆಗಳು ಏರಿಳಿಯುವುದರಿಂದ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸತಕ್ಕದ್ದು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಿಬರುವ ಶ್ರಮ ವ್ಯರ್ಥವಾಗದು.

ಯಂತ್ರವನ್ನು ಬಿಚ್ಚಿಸಿದಾಗ ಫ್ಯಾನಿನ ಧೂಳನ್ನೂ ತೆಗೆಸಿರಿ. ಕಾರ್ಖಾನೆಗಳ ನೆರೆಯಲ್ಲಿರುವ ನಮ್ಮ ಬಡಾವಣೆಗಳಲ್ಲಿ ಧೂಳಿಗೆ ಬರವಿಲ್ಲ. ಕಾವು ಏರಿದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ನಿಧಾನವಾಗುತ್ತದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತೆಯ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರವರೆಗೆ ಎಂದು ಕಂಪೆನಿಯು ಸಾರಿತ್ತು. ಸುಮಾರು 2018ಕ್ಕೆ ಹಿಂದಿನ ಯಂತ್ರಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇರುವುದು ವಿರಳ. ಆದಕಾರಣ ಅಂಥ ಯಂತ್ರಕ್ಕೆ ಹೆಚ್ಚು ಹಣ ಸುರಿಯುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು. ಬ್ಯಾಂಕಿನ ವ್ಯವಹಾರವನ್ನಂತೂ ಪರಿಷ್ಕರಣೆಯಿಲ್ಲದ ಯಂತ್ರದಲ್ಲಿ ಮಾಡಬಾರದು.

“ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆಮಾಡಿ” ಎಂದು ಪರದೆಯ ಮೇಲೆ ಕೂಗುವ ಫಲಕಗಳು ಮೋಸಗಾರರವು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಕೊಡುವುದಿಲ್ಲ. ವೇಗ ಹೆಚ್ಚಿಸುತ್ತೇವೆಂದು ದೂರದಿಂದ ಯಂತ್ರದೊಳಗೆ ಪ್ರವೇಶ ಕೇಳುವ ಅಪರಿಚಿತರಿಗೆ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಯಾವ ಕಾರಣಕ್ಕೂ ಒಪ್ಪಿಗೆ ಕೊಡಕೂಡದು. ಕೊಟ್ಟು ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ 1930 ಸಂಖ್ಯೆಗೂ ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು.